ಆಸ್ಪತ್ರೆ ರೆಕಾರ್ಡ್ ಇಟ್ಕೊಂಡು ಔಷಧಿ ಬಗ್ಗೆ ಎಐ ಪ್ರಾಜೆಕ್ಟ್ ಮಾಡೋದು ಹೇಗೆ? ನಮ್ಮ ಕಡೆ ಹುಡುಗರಿಗೆ ಒಂದು ಮಾರ್ಗದರ್ಶಿ

ವಾರಕ್ಕೆ ಒಬ್ಬರಾದ್ರೂ ಇದೇ ಕೇಳ್ತಾರೆ. ತುಮಕೂರಿನ ಫಾರ್ಮ್‌ಡಿ ಸ್ಟೂಡೆಂಟ್ಸು, ಕೋಲಾರದಲ್ಲಿ ಎಂಡಿ ಥೀಸಿಸ್ ಬರೀತಿರೋ ಡಾಕ್ಟ್ರು, ಚಿಂತಾಮಣಿಯಿಂದ ದಿನಾ ಬಸ್ಸಲ್ಲಿ ಬೆಂಗಳೂರಿಗೆ ಹೋಗಿ ಕೋಡಿಂಗ್ ಮಾಡೋ ಹುಡುಗ್ರು, ಎಲ್ರದ್ದೂ ಒಂದೇ ಮಾತು: "ಆಸ್ಪತ್ರೇಲಿ ಪೇಷಂಟ್ ಡೇಟಾ ರಾಶಿ ಬಿದ್ದಿದೆ, ಅದಕ್ಕೆ ಎಐ ಹಾಕಿ ಔಷಧಿ ಬಗ್ಗೆ ಏನಾದ್ರೂ ಕಂಡುಹಿಡೀಬಹುದಾ, ಎಲ್ಲಿಂದ ಶುರು ಮಾಡ್ಲಿ?" ಒಬ್ಬೊಬ್ಬರಿಗೂ ಬರ್ದು ಬರ್ದು ಸಾಕಾಯ್ತು, ಅದಕ್ಕೆ ಒಂದೇ ಸಲ ಪೂರ್ತಿ ಬರೀತಿದೀನಿ. ಉದ್ದ ಇದೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಮೊದಲು ಒಂದು ಪದ. ಓಪಿ ಚೀಟಿ, ಲ್ಯಾಬ್ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಸ್ಟೋರ್ ಬಿಲ್ಲು, ಇನ್ಶೂರೆನ್ಸ್ ಕ್ಲೇಮು, ಹೀಗೆ ಸಂಶೋಧನೆಗೆ ಅಂತ ಅಲ್ದೆ ಚಿಕಿತ್ಸೆ ಕೊಡೋವಾಗ ತಾನಾಗೇ ಹುಟ್ಟೋ ಮಾಹಿತಿಗೆ ರಿಯಲ್ ವರ್ಲ್ಡ್ ಡೇಟಾ ಅಂತಾರೆ. ಇದು ಕ್ಲಿನಿಕಲ್ ಟ್ರಯಲ್ ಡೇಟಾ ಅಲ್ಲ. ಟ್ರಯಲ್‌ನಲ್ಲಿ ಯಾರಿಗೆ ಯಾವ ಮಾತ್ರೆ ಅಂತ ಚೀಟಿ ಎತ್ತಿದ ಹಾಗೆ ಹಂಚ್ತಾರೆ, ಇಲ್ಲಿ ಡಾಕ್ಟ್ರು ಮುಖ ನೋಡಿ, ಜೇಬು ನೋಡಿ ಬರ್ದಿರ್ತಾರೆ. ಈ ಒಂದು ವ್ಯತ್ಯಾಸ ಕೊನೇವರೆಗೂ ನಿಮ್ಮನ್ನ ಕಾಡುತ್ತೆ.

ಇಂಥ ಡೇಟಾಗೆ ಬೆಲೆ ಇದೆಯಾ ಅಂದ್ರೆ ಇದೆ. ಪಾಲ್ಬೋಸಿಕ್ಲಿಬ್ ಅನ್ನೋ ಸ್ತನ ಕ್ಯಾನ್ಸರ್ ಮಾತ್ರೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಹೆಂಗಸರಿಗೆ ಒಪ್ಪಿಗೆ ಕೊಟ್ಟಿತ್ತು, ಗಂಡಸರಲ್ಲಿ ಆ ಕ್ಯಾನ್ಸರ್ ಅಪರೂಪ, ಟ್ರಯಲ್‌ಗೆ ಜನಾನೇ ಸಿಗಲ್ಲ, ಅದಕ್ಕೆ 2019ರಲ್ಲಿ ಆಸ್ಪತ್ರೆಗಳ ಎಲೆಕ್ಟ್ರಾನಿಕ್ ರೆಕಾರ್ಡು ಮತ್ತೆ ಮಾರ್ಕೆಟ್‌ಗೆ ಬಂದ್ಮೇಲಿನ ರಿಪೋರ್ಟ್ ನೋಡಿ ಗಂಡಸರಿಗೂ ವಿಸ್ತರಿಸಿದ್ರು. 2021ರಲ್ಲಿ, ಕಸಿ ಮಾಡಿದ ಅಂಗನ ದೇಹ ತಿರಸ್ಕರಿಸದ ಹಾಗೆ ತಡೆಯೋ ಟ್ಯಾಕ್ರೋಲಿಮಸ್‌ಗೆ ಶ್ವಾಸಕೋಶ ಕಸಿ ಮಾಡಿಸ್ಕೊಂಡವರಲ್ಲಿ ಬಳಸೋಕೆ ಒಪ್ಪಿಗೆ ಸಿಕ್ಕಿದ್ದೂ ಕಸಿ ನೋಂದಣಿ ಡೇಟಾ ಮೇಲೆ. ಇನ್ನು ಎಐ ಕಥೆ ಕೇಳಿದ್ರೆ, ಸಂಧಿವಾತದ ಮಾತ್ರೆ ಬ್ಯಾರಿಸಿಟಿನಿಬ್ ಕೋವಿಡ್‌ಗೆ ಕೆಲಸ ಮಾಡಬಹುದು ಅಂತ 2020ರ ಫೆಬ್ರವರಿಯಲ್ಲೇ ಬೆನೆವೊಲೆಂಟ್‌ಎಐ ಅನ್ನೋ ಕಂಪನಿ ಕಂಪ್ಯೂಟರ್ ಸಹಾಯದಿಂದ ತೋರಿಸಿತ್ತು. ಆದ್ರೆ ಗಮನಿಸಿ, ಎಐ ಬೊಟ್ಟು ಮಾಡಿ ತೋರಿಸ್ತು ಅಷ್ಟೇ, ಪೂರ್ತಿ ಒಪ್ಪಿಗೆ 2022ರಲ್ಲಿ ಬಂದಿದ್ದು ಟ್ರಯಲ್ ಆದ್ಮೇಲೆ. ಹಂಗಾಗಿ ನಮ್ಮೂರಿನ ಓಪಿಡಿ ಡೇಟಾದಲ್ಲಿ ಹೊಸ ಔಷಧಿ ಕಂಡುಹಿಡೀತೀನಿ ಅನ್ನೋ ಆಸೆ ಬಿಡಿ. ಮಾರ್ಕೆಟ್‌ಗೆ ಬಂದ ಔಷಧಿ ನಮ್ಮ ಜನದಲ್ಲಿ ಹೆಂಗೆ ನಡೀತಿದೆ ಅಂತ ನೋಡೋದು, ಟ್ರಯಲ್‌ಗೆ ಯಾರು ಸೂಟ್ ಆಗ್ತಾರೆ ಅಂತ ಹುಡುಕೋದು, ಅಡ್ಡಪರಿಣಾಮ ಬೇಗ ಹಿಡಿಯೋದು, ಇವು ಸಾಧ್ಯ.

ಬೇಕಾಗಿರೋದು ಏನು? ಒಂದು ಸಾಧಾರಣ ಲ್ಯಾಪ್‌ಟಾಪ್, ಪೈಥಾನ್ ಅಥವಾ ಆರ್ ಅನ್ನೋ ಕೋಡಿಂಗ್ ಭಾಷೆ ಸ್ವಲ್ಪ, ಜೊತೆಗೆ ನಿಲ್ಲೋ ಒಬ್ರು ಡಾಕ್ಟ್ರು, ಸ್ಟ್ಯಾಟಿಸ್ಟಿಕ್ಸ್ ಗೊತ್ತಿರೋರು ಒಬ್ರು, ಮತ್ತೆ ರೆಕಾರ್ಡ್ ಸೆಕ್ಷನ್ ಸಿಬ್ಬಂದಿ ಜೊತೆ ಒಳ್ಳೆ ಸಂಬಂಧ. ಕೊನೇದು ಇಲ್ದೆ ಹೋದ್ರೆ ಉಳಿದವು ಇದ್ದೂ ದಂಡ.

1. ಪ್ರಶ್ನೆ ಒಂದೇ ವಾಕ್ಯದಲ್ಲಿ ಬರೀರಿ

"ಡಯಾಬಿಟಿಸ್ ಮೇಲೆ ಎಐ" ಅನ್ನೋದು ಪ್ರಶ್ನೆ ಅಲ್ಲ, ಪೋಸ್ಟರ್ ಹೆಡ್ಡಿಂಗು. ಪ್ರಶ್ನೆ ಅಂದ್ರೆ ಹೀಗಿರ್ಬೇಕು: ಮೆಟ್‌ಫಾರ್ಮಿನ್ ತಗೋತಿದ್ದು ಶುಗರ್ ಇಳೀದೇ ಇರೋರಿಗೆ ಎರಡನೇ ಮಾತ್ರೆಯಾಗಿ ಗ್ಲಿಮಿಪಿರೈಡ್ ಸೇರಿಸಿದ್ರೆ, ವಿಲ್ಡಾಗ್ಲಿಪ್ಟಿನ್ ಸೇರಿಸಿದವರಿಗಿಂತ ಮೊದಲ ಆರು ತಿಂಗಳಲ್ಲಿ ಲೋ ಶುಗರ್ ಎಷ್ಟು ಜಾಸ್ತಿ ಆಗುತ್ತೆ? ಯಾರು, ಯಾವ ಔಷಧಿ, ಯಾವುದರ ಜೊತೆ ಹೋಲಿಕೆ, ಏನು ಫಲಿತಾಂಶ, ಎಷ್ಟು ದಿನ, ಐದೂ ಅದರಲ್ಲಿವೆ. ಇದೇ ಪ್ರಶ್ನೆಗೆ ಟ್ರಯಲ್ ಮಾಡೋ ಹಾಗಿದ್ರೆ ಹೆಂಗೆ ಮಾಡ್ತಿದ್ದೆ ಅಂತ ಒಂದು ಹಾಳೇಲಿ ಬರ್ದು, ಆ ಟ್ರಯಲ್‌ನ ರೆಕಾರ್ಡಲ್ಲಿ ನಕಲು ಮಾಡಿ. ಇದಕ್ಕೆ ಟಾರ್ಗೆಟ್ ಟ್ರಯಲ್ ಎಮ್ಯುಲೇಷನ್ ಅಂತ ದೊಡ್ಡ ಹೆಸರಿದೆ, ವಿಷಯ ಇಷ್ಟೇ.

ಇನ್ನೊಂದು ಕಿವಿಮಾತು. ಮೊದಲ್ನೇ ಪ್ರಾಜೆಕ್ಟಿಗೆ ಉತ್ತರ ಮೊದಲೇ ಗೊತ್ತಿರೋ ಪ್ರಶ್ನೆ ತಗೊಳ್ಳಿ. ಗ್ಲಿಮಿಪಿರೈಡಲ್ಲಿ ಲೋ ಶುಗರ್ ಜಾಸ್ತಿ ಅಂತ ಜಗತ್ತಿಗೇ ಗೊತ್ತು. ನಿಮ್ಮ ಡೇಟಾದಲ್ಲಿ ಅದು ಕಾಣ್ಲಿಲ್ಲ ಅಂದ್ರೆ ತಪ್ಪಿರೋದು ಔಷಧಿ ಶಾಸ್ತ್ರದಲ್ಲಲ್ಲ, ನಿಮ್ಮ ರಿಜಿಸ್ಟರಲ್ಲಿ. ಗೊತ್ತಿರೋದನ್ನೇ ಹಿಡೀಲಾರದ ಡೇಟಾ ಗೊತ್ತಿಲ್ದೇ ಇರೋದನ್ನ ಹೇಳಿದ್ರೆ ನಾನಂತೂ ನಂಬಲ್ಲ.

2. ಪರ್ಮಿಷನ್ ಮೊದಲು, ಡೇಟಾ ಆಮೇಲೆ

ಇಲ್ಲೇ ಜಾಸ್ತಿ ಜನ ಎಡವೋದು. "ಹಳೇ ರೆಕಾರ್ಡ್ ತಾನೇ ಸಾರ್, ಪೇಷಂಟನ್ನ ಮುಟ್ತಾನೂ ಇಲ್ವಲ್ಲ" ಅಂತಾರೆ. ಮುಟ್ಟದೇ ಇದ್ರೂ ಎಥಿಕ್ಸ್ ಕಮಿಟಿ ಅಂದ್ರೆ ನೀತಿ ಸಮಿತಿ ಒಪ್ಪಿಗೆ ಬೇಕೇ ಬೇಕು. ಐಸಿಎಂಆರ್ ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ಗುರುತು ತೆಗೆದ ಹಳೇ ರೆಕಾರ್ಡ್ ಮೇಲಿನ ಅಧ್ಯಯನಕ್ಕೆ ಪೇಷಂಟ್ ಸಹಿಯಿಂದ ವಿನಾಯಿತಿ ಸಿಗಬಹುದು, ಆದ್ರೆ ಆ ವಿನಾಯಿತಿ ಕೊಡೋದು ಕಮಿಟಿ, ನೀವಲ್ಲ, ನಿಮ್ಮ ಗೈಡೂ ಅಲ್ಲ. ಎಐ ಬಳಸೋದಾದ್ರೆ ಐಸಿಎಂಆರ್ 2023ರಲ್ಲಿ ಅದಕ್ಕೇ ಅಂತ ಬೇರೆ ಮಾರ್ಗಸೂಚಿ ತಂದಿದೆ, ಓದಿ. ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆನೂ 2023ರಲ್ಲೇ ಬಂತು.

ನಿಮ್ಮ ಕಾಲೇಜಿನ ಕಮಿಟಿ ರಿಜಿಸ್ಟರ್ ಆಗಿದೆಯಾ ನೋಡ್ಕೊಳ್ಳಿ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದ್ಮೇಲೆ ಆರೋಗ್ಯ ಸಂಶೋಧನೆ ನೋಡೋ ಕಮಿಟಿಗಳು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಮಾಡಿಸ್ಬೇಕು. ಪತ್ರ ಕೈಗೆ ಬರೋ ಮುಂಚೆ ಒಂದು ಚೀಟಿನೂ ಫೋಟೋ ಹೊಡೀಬೇಡಿ. "ಆಮೇಲೆ ತಗೊಂಡ್ರಾಯ್ತು" ಅನ್ನೋ ಆಟ ಇಲ್ಲಿ ನಡೆಯಲ್ಲ, ಹಿಂದಿನ ತಾರೀಕಿಗೆ ಒಪ್ಪಿಗೆ ಯಾರೂ ಕೊಡಲ್ಲ, ಒಂದು ವರ್ಷದ ಕೆಲಸ ನೀರಲ್ಲಿ ಹೋಮ.

3. ಒಂದು ವಾರ ಓಪಿಡಿಯಲ್ಲಿ ಸುಮ್ನೆ ಕೂತ್ಕೊಳ್ಳಿ

ನಿಜ ಹೇಳ್ತೀನಿ, ಕೋಡ್ ಬರೆಯೋದಕ್ಕಿಂತ ಇದು ಮುಖ್ಯ. ಚೀಟಿ ಹೆಂಗೆ ಹುಟ್ಟುತ್ತೆ ಅಂತ ನೋಡ್ದೆ ಅದನ್ನ ಓದೋಕೆ ಆಗಲ್ಲ. ಎಷ್ಟೋ ಕಡೆ ಪ್ರತಿ ಸಲ ಬಂದಾಗ ಹೊಸ ಓಪಿ ನಂಬರ್ ಕೊಡ್ತಾರೆ, ಅಂದ್ರೆ ಒಬ್ರೇ ಮುನಿಯಮ್ಮ ನಿಮ್ಮ ಫೈಲಲ್ಲಿ ಒಂಬತ್ತು ಜನ ಮುನಿಯಮ್ಮ ಆಗಿರ್ತಾರೆ, ಒಂದು ಕಡೆ ಮುನಿಯಮ್ಮ, ಇನ್ನೊಂದು ಕಡೆ ವಿ ಮುನಿಯಮ್ಮ, ಮತ್ತೊಂದು ಕಡೆ ಮುನ್ಯಮ್ಮ. ಫೋನ್ ನಂಬರ್ ನೋಡಿ ಸೇರಿಸ್ತೀನಿ ಅಂದ್ರೆ ಆ ನಂಬರ್ ಮಗಂದು, ಅದೇ ನಂಬರಲ್ಲಿ ಗಂಡ, ಅತ್ತೆ, ಮೊಮ್ಮಗೂ ಇರ್ತಾರೆ. ವಯಸ್ಸು ನೋಡಿದ್ರೆ 50, 55, 60, 65, ಮಧ್ಯದ ಸಂಖ್ಯೆಗಳಿಗೆ ಬರಗಾಲ, ಯಾಕಂದ್ರೆ ಕೇಳ್ದಾಗ "ಅರವತ್ತು ಅಂತ ಹಾಕ್ಕೊಳ್ಳಪ್ಪ" ಅಂದಿರ್ತಾರೆ. 14 ಅಂಕಿಯ ಆಭಾ ಸಂಖ್ಯೆ (ಸರ್ಕಾರ ಕೊಡೋ ಆರೋಗ್ಯ ಖಾತೆ ನಂಬರ್) ಇದ್ರೆ ಒಬ್ಬರದ್ದೇ ರೆಕಾರ್ಡು ಒಂದಾಗಿಸೋಕೆ ಅನುಕೂಲ, ಆದ್ರೆ ಎಲ್ಲರ ಹತ್ರ ಇರಲ್ಲ, ಇದ್ರೂ ಅದನ್ನ ನಿಮ್ಮ ಫೈಲಲ್ಲಿ ಉಳಿಸ್ಕೋಬಾರ್ದು.

ಯಾರು ಬರಲ್ಲ ಅನ್ನೋದನ್ನೂ ಬರ್ಕೊಳ್ಳಿ. ಶ್ರೀನಿವಾಸಪುರ ಕಡೆಯೋರು ಮಾವಿನ ಸೀಸನ್ನಲ್ಲಿ ಫಾಲೋಅಪ್‌ಗೆ ಬರಲ್ಲ, ಶಿಡ್ಲಘಟ್ಟದೋರು ರೇಷ್ಮೆ ಹುಳ ಹಣ್ಣಾಗೋ, ಅಂದ್ರೆ ಗೂಡು ಕಟ್ಟೋಕೆ ರೆಡಿ ಆಗೋ ಟೈಮಲ್ಲಿ ಬರಲ್ಲ. ಸ್ವಲ್ಪ ಸೀರಿಯಸ್ ಆದ್ರೆ ಸೀದಾ ಬೆಂಗಳೂರು. ಅಂಥೋರು ನಿಮ್ಮ ರೆಕಾರ್ಡಲ್ಲಿ "ಏನೂ ತೊಂದರೆ ಆಗ್ಲಿಲ್ಲ" ಅನ್ನೋ ಹಾಗೆ ಕಾಣ್ತಾರೆ. ಅವರಿಗೆ ತೊಂದರೆ ಆಗ್ಲಿಲ್ಲ ಅಂತಲ್ಲ, ನಿಮಗೆ ಗೊತ್ತಾಗ್ಲಿಲ್ಲ ಅಷ್ಟೇ. ಪಾವಗಡ, ಬಾಗೇಪಲ್ಲಿಯಂಥ ಫ್ಲೋರೈಡ್ ನೀರಿನ ಸೀಮೇಲಿ ಮಂಡಿ ನೋವಿಗೆ ಅಂಗಡೀಲಿ ನೋವಿನ ಮಾತ್ರೆ ತಗೊಂಡು ನುಂಗೋರು ಇರ್ತಾರೆ, ಕಿಡ್ನಿಗೆ ಪೆಟ್ಟು ಕೊಡೋ ಅದು ಯಾವ ಚೀಟೀಲೂ ಇರಲ್ಲ.

4. ಗುರುತು ತೆಗೆಯೋದು

ಹೆಸರು ಅಳಿಸಿದ್ರೆ ಮುಗೀತು ಅನ್ಕೋಬೇಡಿ. ಎಂಬತ್ತು ಮನೆ ಇರೋ ಹಳ್ಳಿ ಹೆಸರು, 43 ವಯಸ್ಸು, ಡಯಾಲಿಸಿಸ್, ಇಷ್ಟು ಇದ್ರೆ ಆ ಊರಿನ ಯಾರನ್ನ ಕೇಳಿದ್ರೂ ಮನೆ ತೋರಿಸ್ತಾರೆ. ಹಳ್ಳಿ ತೆಗ್ದು ತಾಲೂಕು ಮಟ್ಟಕ್ಕೆ ತನ್ನಿ, ವಯಸ್ಸನ್ನ ಐದೈದು ವರ್ಷದ ಗುಂಪು ಮಾಡಿ, ತಾರೀಕನ್ನ ಪ್ರತಿಯೊಬ್ಬರಿಗೂ ಬೇರೆ ಬೇರೆ ದಿನ ಹಿಂದೆ ಮುಂದೆ ಸರಿಸಿ, ಒಬ್ಬರ ಒಳಗಿನ ಅಂತರ ಮಾತ್ರ ಹಾಗೇ ಇರ್ಲಿ. ಯಾವ ಕೋಡ್ ಯಾವ ಪೇಷಂಟು ಅನ್ನೋ ಪಟ್ಟಿ ಬೇರೆ ಕಡೆ ಬೀಗದಲ್ಲಿರ್ಲಿ, ಆಸ್ಪತ್ರೆಯಿಂದ ಆಚೆ ಬರೋದು ಬೇಡ.

ದಯವಿಟ್ಟು, ಡಿಸ್ಚಾರ್ಜ್ ಸಮ್ಮರೀನ ಫ್ರೀ ಚಾಟ್‌ಬಾಟಿಗೆ ಪೇಸ್ಟ್ ಮಾಡ್ಬೇಡಿ. ಫೋಟೋದಲ್ಲಿ ಮೂಲೇಲಿ ಕಾಣೋ ಹೆಸರೂ ಹೆಸರೇ. ಆಸ್ಪತ್ರೆ ಕಂಪ್ಯೂಟರಲ್ಲೇ ಓಡೋ ಚಿಕ್ಕ ಎಐ ಮಾಡೆಲ್ ಸಾಕು, ಇಂಟರ್ನೆಟ್ ವೈರ್ ಕಿತ್ತಿಟ್ಟು ಓಡಿಸೋಕಾಗುತ್ತೆ.

5. ಕ್ಲೀನಿಂಗ್: ಬೇಜಾರಿನ ಕೆಲಸ, ಆದ್ರೂ ಮಾಡ್ಲೇಬೇಕು

ಒಂದು ಉದಾಹರಣೆ ಕೊಡ್ತೀನಿ. ಮಾತ್ರೆ ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಅನ್ನೋಕೆ ಡಾಕ್ಟ್ರು 1-1-1 ಅಂತ ಬರೀತಾರಲ್ಲ, ಅದನ್ನ ಎಕ್ಸೆಲಲ್ಲಿ ಟೈಪ್ ಮಾಡಿ ನೋಡಿ, 2001ರ ಜನವರಿ 1 ಆಗಿ ಕೂತಿರುತ್ತೆ. 1-0-1 ಮಾತ್ರ ಹಾಗೇ ಉಳಿಯುತ್ತೆ, ಯಾಕಂದ್ರೆ ಸೊನ್ನೆಯನೇ ತಿಂಗಳು ಇಲ್ಲ. ಹಂಗಾಗಿ ದಿನಕ್ಕೆ ಮೂರು ಸಲ ತಗೊಳ್ಳೋರೆಲ್ಲ ಡೇಟಾದಿಂದ ಮಾಯ, ಎರಡು ಸಲದೋರು ಮಾತ್ರ ಉಳಿದ್ರು! ಟೈಪ್ ಮಾಡೋ ಮುಂಚೆನೇ ಕಾಲಮ್ಮನ್ನ ಟೆಕ್ಸ್ಟ್ ಅಂತ ಮಾಡ್ಕೊಳ್ಳಿ. 03/04 ಅಂದ್ರೆ ಏಪ್ರಿಲ್ಲಾ ಮಾರ್ಚಾ ಅನ್ನೋದನ್ನೂ ಮೊದಲೇ ತೀರ್ಮಾನ ಮಾಡಿ.

ಔಷಧಿ ಹೆಸರು ಇನ್ನೊಂದು ತಲೆನೋವು. ಚೀಟೀಲಿ "ಜಿಪಿ 2" ಅಂತಷ್ಟೇ ಇರುತ್ತೆ, ಅದು ಮೆಟ್‌ಫಾರ್ಮಿನ್ ಜೊತೆ 2 ಎಂಜಿ ಗ್ಲಿಮಿಪಿರೈಡ್ ಇರೋ ಮಾತ್ರೆ, ಒಂದು ಬ್ರಾಂಡಲ್ಲಿ ಎರಡು ಔಷಧಿ. ಬ್ರಾಂಡನ್ನೆಲ್ಲ ಜೆನೆರಿಕ್ ಹೆಸರಿಗೆ ಇಳಿಸಿ, ಆಮೇಲೆ ಪ್ರತಿ ಔಷಧಿಗೂ ಒಂದೊಂದು ಇರೋ ಡಬ್ಲ್ಯುಎಚ್‌ಒನ ಎಟಿಸಿ ಕೋಡ್ ಹಾಕಿ (ಮೆಟ್‌ಫಾರ್ಮಿನ್ ಎ10ಬಿಎ02, ಗ್ಲಿಮಿಪಿರೈಡ್ ಎ10ಬಿಬಿ12, ವಿಲ್ಡಾಗ್ಲಿಪ್ಟಿನ್ ಎ10ಬಿಎಚ್02). ಕಾಯಿಲೆಗೆ ಐಸಿಡಿ-10 ಅನ್ನೋ ಕಾಯಿಲೆಗಳ ಕೋಡ್ ಪಟ್ಟಿ, ಟೈಪ್ 2 ಶುಗರ್ ಅಂದ್ರೆ ಇ11. ಯೂನಿಟ್ ನೋಡ್ಕೊಳ್ಳಿ: ನಮ್ಮಲ್ಲಿ ಶುಗರ್ ಎಂಜಿ ಪರ್ ಡಿಎಲ್, ಹೊರದೇಶದ ಎಷ್ಟೋ ಟೂಲು ಮಿಲಿಮೋಲ್ ಕೇಳುತ್ತೆ, 18ರಿಂದ ಭಾಗಿಸಿ. ನಮ್ಮ 180 ಅವರಿಗೆ 10. ಲೋ ಶುಗರ್ ಅಂದ್ರೆ 70ಕ್ಕಿಂತ ಕಮ್ಮಿ, ಅವರಿಗೆ 3.9.

ಖಾಲಿ ಜಾಗಗಳ ಬಗ್ಗೆ ಒಂದು ಮಾತು. ಎಚ್‌ಬಿಎ1ಸಿ, ಅದೇ ಮೂರು ತಿಂಗಳ ಶುಗರ್ ಟೆಸ್ಟು, ಎಲ್ರೂ ಮಾಡ್ಸಲ್ಲ, ದುಡ್ಡಿರೋರು ಮಾಡಿಸ್ತಾರೆ. ಖಾಲಿ ಇರೋ ಕಡೆ ಸರಾಸರಿ ತುಂಬಿಸಿಬಿಟ್ರೆ ಬಡವರಿಗೆಲ್ಲ ಶ್ರೀಮಂತರ ರಕ್ತ ಹಾಕಿದ ಹಾಗೆ. ಅಮೆರಿಕದಲ್ಲಿ ಒಂದು ಆಲ್ಗರಿದಮ್ಮು ಯಾರಿಗೆ ಕಾಯಿಲೆ ಜಾಸ್ತಿ ಅಂತ ತಿಳಿಯೋಕೆ ಅವರ ಮೇಲೆ ಎಷ್ಟು ಖರ್ಚಾಗಿದೆ ಅಂತ ನೋಡ್ತಿತ್ತು, ಖರ್ಚು ಕಮ್ಮಿ ಆಗ್ತಿದ್ದ ಕಪ್ಪು ಜನರನ್ನ ಆರೋಗ್ಯವಂತರು ಅನ್ಕೊಂಡುಬಿಡ್ತಿತ್ತು, 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಬಯಲಾಯ್ತು. ಅದೇ ರೋಗ ನಮ್ಮ ಡೇಟಾಗೂ ಬರುತ್ತೆ.

6. ಈಗ ಎಐ, ಅದೂ ಓದೋ ಕೆಲಸಕ್ಕೆ

ಲೋ ಶುಗರ್ ಆದ್ರೆ ಲ್ಯಾಬ್ ರಿಪೋರ್ಟಲ್ಲಿ ಇರುತ್ತೆ ಅನ್ಕೊಂಡಿದೀರಾ? ಇರಲ್ಲ. ಮನೇಲಿ ಬೆವರು ಕಿತ್ಕೊಂಡು ಬಂದಿರುತ್ತೆ, ಕೈ ನಡುಗಿರುತ್ತೆ, ಸಕ್ಕರೆ ಬಾಯಿಗೆ ಹಾಕ್ಕೊಂಡು ಸರಿ ಹೋಗಿರ್ತಾರೆ, ತಿಂಗಳಾದ್ಮೇಲೆ ಡಾಕ್ಟ್ರಿಗೆ "ಆವತ್ತೊಂದಿನ ತಲೆ ಸುತ್ತು ಬಂದಿತ್ತು" ಅಂತಾರೆ, ಡಾಕ್ಟ್ರು ಒಂದು ಪದ ಗೀಚಿರ್ತಾರೆ. ಆ ಗೀಚಿದ ಪದದಲ್ಲಿ ನಿಮ್ಮ ಫಲಿತಾಂಶ ಅಡಗಿದೆ. ಇಂಥ ಸಾವಿರಾರು ನೋಟ್ಸ್ ಓದಿ ಹೆಕ್ಕೋಕೆ ಲ್ಯಾಂಗ್ವೇಜ್ ಮಾಡೆಲ್ (ಬರಹ ಓದಿ ಬರೆಯೋ ಎಐ) ನಿಜವಾಗ್ಲೂ ಉಪಯೋಗ.

ಆದ್ರೆ ನಮ್ಮ ಸೀಮೆ ಭಾಷೆ ಅದಕ್ಕೆ ಬರಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಅರ್ಧ ಪೇಷಂಟು ತೆಲುಗಲ್ಲಿ ಹೇಳ್ತಾರೆ. "ಕಳ್ಳು ತಿರುಗುತುನ್ನಾಯಿ" ಅಂದ್ರೆ ತಲೆ ಸುತ್ತು, ಅಲ್ಲಿ ಕಳ್ಳು ಅಂದ್ರೆ ಕಣ್ಣುಗಳು, ಹೆಂಡ ಅಲ್ಲ. ಕನ್ನಡ ಮಾತ್ರ ಬರೋ ಒಬ್ಬ ಹುಡುಗ ಅದನ್ನ ಕುಡಿಯೋ ಅಭ್ಯಾಸ ಅನ್ನೋ ಕಾಲಮ್ಮಿಗೆ ಹಾಕಿದ್ದ, ಎಪ್ಪತ್ತು ವರ್ಷದ ಅಜ್ಜಿಗೆ! ರೇಷ್ಮೆ ಸೀಮೆಯೋರು "ಹುಳ ಮೂರನೇ ಜ್ವರಕ್ಕೆ ಕೂತಿತ್ತು, ಅದಕ್ಕೆ ಬರೋಕಾಗ್ಲಿಲ್ಲ" ಅಂತಾರೆ, ಹುಳ ಪೊರೆ ಬಿಡೋ ಸಮಯಕ್ಕೆ ಜ್ವರ ಅನ್ನೋದು ಅವರ ವಾಡಿಕೆ, ಮಾಡೆಲ್ ಮಾತ್ರ ನಿಯತ್ತಾಗಿ ಪೇಷಂಟಿಗೇ ಜ್ವರ ಅಂತ ಬರ್ಕೊಳ್ಳುತ್ತೆ. "ತಲೆ ಸುತ್ತು ಇಲ್ಲ" ಅನ್ನೋದನ್ನ "ತಲೆ ಸುತ್ತು" ಅಂತ ಎಣಿಸೋದಂತೂ ಮಾಮೂಲಿ.

ಅದಕ್ಕೆ ಹೀಗೆ ಮಾಡಿ. ಮೊದಲು ಇನ್ನೂರು ನೋಟ್ಸ್ ಯಾವುದೋ ಒಂದಷ್ಟು ಎತ್ತಿ ಇಬ್ರು ಬೇರೆ ಬೇರೆ ಕೂತು ಕೈಯಲ್ಲೇ ಗುರುತು ಹಾಕಿ, ಒಬ್ರಿಗಾದ್ರೂ ತೆಲುಗು ಬರ್ಲಿ. ಇಬ್ಬರಿಗೂ ಎಲ್ಲಿ ಒಮ್ಮತ ಇಲ್ಲ ಅಲ್ಲಿ ಡಾಕ್ಟ್ರನ್ನ ಕೇಳಿ. ಇದು ನಿಮ್ಮ ತಕ್ಕಡಿ ಬೊಟ್ಟು. ಆಮೇಲೆ ಅವೇ ಇನ್ನೂರನ್ನ ಮಾಡೆಲ್‌ಗೆ ಕೊಟ್ಟು ಎಷ್ಟು ಹಿಡೀತು, ಎಷ್ಟು ಸುಮ್ನೆ ಕೂಗಿಕೊಳ್ತು ನೋಡಿ. ಮಾಡೆಲ್ ಪ್ರತಿ ಉತ್ತರಕ್ಕೂ ನೋಟಿನಲ್ಲಿರೋ ಸಾಲನ್ನೇ ಎತ್ತಿ ತೋರಿಸ್ಬೇಕು ಅಂತ ಷರತ್ತು ಹಾಕಿ, ತೋರಿಸಿದ ಸಾಲು ಮೂಲದಲ್ಲಿ ಇದೆಯಾ ಅಂತ ಕೋಡಲ್ಲೇ ಚೆಕ್ ಮಾಡಿ, ಯಾಕಂದ್ರೆ ಇಲ್ದೇ ಇರೋ ಸಾಲನ್ನ ಹುಟ್ಟಿಸೋದ್ರಲ್ಲಿ ಇವು ನಿಸ್ಸೀಮ.

7. ಸೇಬನ್ನ ಸೀಬೆ ಜೊತೆ ತೂಗ್ಬೇಡಿ

ಗ್ಲಿಮಿಪಿರೈಡ್ ಅಗ್ಗ, ವಿಲ್ಡಾಗ್ಲಿಪ್ಟಿನ್ ಅದಕ್ಕಿಂತ ದುಬಾರಿ. ಹಂಗಾದ್ರೆ ಗ್ಲಿಮಿಪಿರೈಡ್ ಗುಂಪಲ್ಲಿ ಕೂಲಿ ಮಾಡೋರು, ಒಂದು ಹೊತ್ತು ಊಟ ತಪ್ಪೋರು ಜಾಸ್ತಿ. ಊಟ ತಪ್ಪಿದ್ರೆ ಲೋ ಶುಗರ್ ಆಗೋದೇ. ಈಗ ತಪ್ಪು ಮಾತ್ರೇದಾ, ಹಸಿವಿಂದಾ? ಹೀಗೆ ಎರಡು ಕಾರಣ ಹೆಣೆದುಕೊಂಡಿರೋದಕ್ಕೆ ಕನ್‌ಫೌಂಡಿಂಗ್ ಅಂತಾರೆ. ವಯಸ್ಸು, ಕಿಡ್ನಿ, ಶುಗರ್ ಎಷ್ಟು ವರ್ಷದಿಂದ, ಬಿಪಿಎಲ್ ಕಾರ್ಡ್ ಇದೆಯಾ, ಇವನ್ನೆಲ್ಲ ಹಾಕಿ ಯಾರಿಗೆ ಯಾವ ಮಾತ್ರೆ ಸಿಗೋ ಸಂಭವ ಎಷ್ಟು ಅಂತ ಲೆಕ್ಕ ಹಾಕಿ (ಇದೇ ಪ್ರೊಪೆನ್ಸಿಟಿ ಸ್ಕೋರು), ಒಂದೇ ಥರದವರನ್ನ ಹೋಲಿಸಿ. ಬರ್ದೇ ಇರೋದನ್ನ ಯಾವ ಎಐನೂ ಸರಿ ಮಾಡಲ್ಲ, ಊಟದ ಕಾಲಮ್ಮು ಯಾವ ಓಪಿ ಚೀಟೀಲಿದೆ ಹೇಳಿ?

ಇದು ಬರೀ ಸಣ್ಣವರ ತಪ್ಪಲ್ಲ. ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನ್ ಮಾತ್ರೆ ಹೃದಯಕ್ಕೆ ಒಳ್ಳೇದು ಅಂತ ಟ್ರಯಲ್ ಮಾಡ್ದೆ ಬರೀ ಗಮನಿಸಿ ನೋಡಿದೋರು ವರ್ಷಗಟ್ಟಲೆ ಹೇಳ್ತಿದ್ರು, 2002ರಲ್ಲಿ ದೊಡ್ಡ ಟ್ರಯಲ್ ಫಲಿತಾಂಶ ಬಂದಾಗ ಅದು ಬಿದ್ದೋಯ್ತು.

ಇನ್ನೊಂದು ಹಳ್ಳ ಇದೆ. "ಆರು ತಿಂಗಳು ತಪ್ಪದೆ ಮಾತ್ರೆ ತಗೊಂಡೋರು" ಅಂತ ಗುಂಪು ಮಾಡಿದ್ರೆ, ಆ ಗುಂಪಿಗೆ ಸೇರೋಕೇ ಆರು ತಿಂಗಳು ಬದುಕಿರ್ಬೇಕು, ಮಧ್ಯೆ ಹೋದೋರೆಲ್ಲ ಇನ್ನೊಂದು ಗುಂಪಿನ ಲೆಕ್ಕಕ್ಕೆ. ಮಾತ್ರೆ ಅಮೃತದ ಥರ ಕಾಣುತ್ತೆ. ಇದಕ್ಕೆ ಇಮ್ಮಾರ್ಟಲ್ ಟೈಮ್ ಬಯಾಸ್ ಅಂತ ಹೆಸರು. ಎರಡೂ ಗುಂಪಿಗೆ ಎರಡನೇ ಮಾತ್ರೆ ಬರೆದ ದಿನವೇ ದಿನ ಸೊನ್ನೆ ಆಗಿರ್ಲಿ, ಗುಂಪು ಆವತ್ತೇ ತೀರ್ಮಾನ ಆಗ್ಲಿ.

8. ಅಕ್ಯುರಸಿ 98 ಬಂತು ಅಂತ ಸ್ವೀಟ್ ಹಂಚ್ಬೇಡಿ

ಯಾರಿಗೆ ಲೋ ಶುಗರ್ ಆಗಬಹುದು ಅಂತ ಮುಂಚೆನೇ ಹೇಳೋ ಮಾಡೆಲ್ ಮಾಡಿದ್ರಿ ಅನ್ಕೊಳ್ಳಿ. ಸಾವಿರ ಜನದಲ್ಲಿ 20 ಜನಕ್ಕೆ ಆಗುತ್ತೆ ಅಂತಿಟ್ಕೊಂಡ್ರೆ, "ಯಾರಿಗೂ ಆಗಲ್ಲ" ಅಂತ ಹೇಳೋ ಕಲ್ಲಿಗೂ 98 ಪರ್ಸೆಂಟ್ ಅಕ್ಯುರಸಿ. ಈಗ ಒಳ್ಳೆ ಮಾಡೆಲ್ಲೇ ತಗೊಳ್ಳಿ, ಆಗೋರಲ್ಲಿ 90 ಪರ್ಸೆಂಟ್ ಹಿಡಿಯುತ್ತೆ, ಆಗದೇ ಇರೋರಲ್ಲಿ 95 ಪರ್ಸೆಂಟನ್ನ ಸರಿಯಾಗಿ ಬಿಡುತ್ತೆ. ಅಂದ್ರೆ 20ರಲ್ಲಿ 18 ಸಿಕ್ಕಿದ್ರು, 980ರಲ್ಲಿ 49 ಜನಕ್ಕೆ ಸುಳ್ಳು ಅಲಾರಂ. ಒಟ್ಟು 67 ಜನಕ್ಕೆ ಗಂಟೆ ಹೊಡೀತು, ನಿಜ ಇದ್ದಿದ್ದು 18, ನಾಲ್ಕರಲ್ಲಿ ಒಂದು. ಈ ಲೆಕ್ಕಾನ ಡಾಕ್ಟ್ರಿಗೆ ಹೇಳಿ, ಅಕ್ಯುರಸಿ ಹೇಳ್ಬೇಡಿ.

ಟ್ರೈನಿಂಗ್‌ಗೆ ಒಂದು ಭಾಗ, ಪರೀಕ್ಷೆಗೆ ಒಂದು ಭಾಗ ಅಂತ ಹಂಚೋವಾಗ ಭೇಟಿ ಲೆಕ್ಕದಲ್ಲಿ ಹಂಚ್ಬೇಡಿ, ಮನುಷ್ಯರ ಲೆಕ್ಕದಲ್ಲಿ ಹಂಚಿ. ಇಲ್ದಿದ್ರೆ ಆ ಒಂಬತ್ತು ಮುನಿಯಮ್ಮರಲ್ಲಿ ಆರು ಜನ ಪಾಠದಲ್ಲಿ, ಮೂರು ಜನ ಪರೀಕ್ಷೇಲಿ, ಪ್ರಶ್ನೆಪತ್ರಿಕೆ ಲೀಕ್ ಆದ ಹಾಗೆ. ತುಮಕೂರಲ್ಲಿ ಕಲಿತ ಮಾಡೆಲನ್ನ ಕೋಲಾರದ ಇನ್ನೊಂದು ಆಸ್ಪತ್ರೆ ಡೇಟಾ ಮೇಲೆ ಓಡಿಸಿ ನೋಡೋವರೆಗೂ ಅದು ತುಮಕೂರಿನ ಆ ಒಂದು ಓಪಿಡಿಗೆ ಮಾತ್ರ ಸೇರಿದ್ದು.

9. ಬರೆಯೋದು, ರಿಪೋರ್ಟ್ ಮಾಡೋದು, ಅಳಿಸೋದು

ವರದಿಗೆ ಸ್ಟ್ರೋಬ್ (ಇಂಥ ಅಧ್ಯಯನದಲ್ಲಿ ಏನೇನು ಬರೀಬೇಕು ಅನ್ನೋ ಪಟ್ಟಿ), ಮುಂಚೆನೇ ಹೇಳೋ ಪ್ರಿಡಿಕ್ಷನ್ ಮಾಡೆಲ್ ಆದ್ರೆ 2024ರ ಟ್ರೈಪಾಡ್-ಎಐ ಚೆಕ್‌ಲಿಸ್ಟ್ ಇಟ್ಕೊಂಡು ಬರೀರಿ. ಡೇಟಾ ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ಪತ್ರ ಸಮೇತ ತೋರಿಸೋ ಹಾಗಿರ್ಬೇಕು. 2020ರಲ್ಲಿ ಕೋವಿಡ್‌ಗೆ ಕೊಡ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 671 ಆಸ್ಪತ್ರೆಗಳ ಡೇಟಾ ಅಂತ ಒಂದು ಪೇಪರ್ ಬಂತು, ಮೂಲ ಡೇಟಾ ತೋರ್ಸಿ ಅಂದಾಗ ತೋರಿಸೋಕಾಗ್ಲಿಲ್ಲ, ಎರಡು ವಾರ ತುಂಬೋದ್ರೊಳಗೆ ವಾಪಸ್ ತಗೊಂಡ್ರು.

ಕೆಲಸದ ಮಧ್ಯೆ ಯಾರಿಗಾದ್ರೂ ಔಷಧಿಯಿಂದ ನಿಜವಾದ ತೊಂದರೆ ಆಗಿರೋದು ಕಣ್ಣಿಗೆ ಬಿದ್ರೆ ಪೇಪರ್ ಬರೋವರೆಗೂ ಕಾಯ್ಬೇಡಿ. ಡಾಕ್ಟ್ರಿಗೆ ತಿಳಿಸಿ, ಹತ್ತಿರದ ಎಡಿಆರ್ ಮಾನಿಟರಿಂಗ್ ಸೆಂಟರಿಗೆ ಅಂದ್ರೆ ಅಡ್ಡಪರಿಣಾಮ ದಾಖಲು ಮಾಡೋ ಕೇಂದ್ರಕ್ಕೆ ಫಾರಂ ತುಂಬಿ ಕೊಡಿ. ಇದು 2010ರಲ್ಲಿ ಶುರುವಾದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ್ದು, ಟೋಲ್ ಫ್ರೀ ನಂಬರ್ 1800-180-3024, ಪೇಷಂಟ್ ಕಡೆಯೋರೂ ಫೋನ್ ಮಾಡಬಹುದು.

ಕೊನೇಗೆ ಲ್ಯಾಪ್‌ಟಾಪ್ ತಗ್ದು ಡೌನ್‌ಲೋಡ್ಸ್ ಫೋಲ್ಡರ್ ನೋಡಿ, "ಫೈನಲ್", "ಫೈನಲ್ 2", "ಫೈನಲ್ ಮೇಡಂ ಹೇಳಿದ್ದು" ಅಂತ ನಾಲ್ಕೈದು ಫೈಲ್ ಇರುತ್ತೆ. ಕಮಿಟಿ ಹೇಳಿದ ಒಂದು ಪ್ರತಿ ಕಾಲೇಜಲ್ಲಿ ಬಿಟ್ಟು ಉಳಿದವನ್ನ ಅಳಿಸಿ, ಪೆನ್‌ಡ್ರೈವಲ್ಲಿರೋದನ್ನೂ, ಗ್ರೂಪಿಗೆ ವಾಟ್ಸಾಪ್ ಮಾಡಿದ್ದನ್ನೂ.